ಇಂಜಿನ್ ಭಾಗಗಳ ಶುಚಿಗೆ ಮನೆಯಲ್ಲೇ ಕಣಧಾರೆ

ಮುಂಗಾರು ಹಿಡಿದು ಬಾವಿ ನೀರಿನ ಅಗತ್ಯ ತಗ್ಗಿದಾಗ ಡೀಸೆಲ್ ಪಂಪ್‌ಸೆಟ್ಟಿನ ಇಂಜಿನನ್ನು ಬಿಚ್ಚಿ ದುರಸ್ತಿ ಮಾಡಲು ಬಿಡುವು ಸಿಗುತ್ತದೆ. ಹೊರಮೈಯಲ್ಲಿ ತುಕ್ಕು ಮತ್ತು ಹಳೆಯ ಬಣ್ಣ, ಸೈಲೆನ್ಸರಿನಲ್ಲಿ ಮಸಿ, ಹೆಡ್ಡಿನಲ್ಲಿ ಗಟ್ಟಿಯಾದ ಕಿಟ್ಟ ಕಂಡುಬರುತ್ತವೆ. ಇವನ್ನು ತಂತಿ ಬ್ರಷ್ಷಿನಿಂದ ಕೆರೆಯಲು ಇಡೀ ದಿನ ಬೇಕು. ಮೂಲೆಗಳಿಗೆ ಬ್ರಷ್ಷು ಹೋಗುವುದೂ ಇಲ್ಲ. ಕಂಪ್ರೆಸರ್ ಇರುವ ರೈತರು ಕಡಿಮೆ ಖರ್ಚಿನ ಕಣಧಾರೆ ಸಾಧನದಿಂದ ಈ ಕೆಲಸವನ್ನು ಬೇಗ ಮುಗಿಸಬಹುದು. ಕಾರ್ಖಾನೆಗಳಲ್ಲಿ ಇದಕ್ಕೆ ಸ್ಯಾಂಡ್ ಬ್ಲಾಸ್ಟಿಂಗ್ ಎನ್ನುತ್ತಾರೆ. ಆದರೆ ಹೆಸರಿನಲ್ಲಿರುವ ಮರಳನ್ನು ಮಾತ್ರ ಮನೆಯಲ್ಲಿ ಬಳಸಕೂಡದು.

ಸಾಧನ ಕೆಲಸ ಮಾಡುವ ಬಗೆ

ಗನ್ನಿನ ಒಳಗೆ ಗಾಳಿ ಕಿರಿದಾದ ರಂಧ್ರದಿಂದ ವೇಗವಾಗಿ ನುಗ್ಗುತ್ತದೆ. ಆಗ ಅಲ್ಲಿ ಒತ್ತಡ ತಗ್ಗಿ, ಬಕೆಟ್ಟಿನಲ್ಲಿರುವ ಪುಡಿ ಹೋಸ್ ಪೈಪಿನ ಮೂಲಕ ಮೇಲೇರಿ ಗಾಳಿಯೊಡನೆ ಚಿಮ್ಮುತ್ತದೆ. 2 ಅಶ್ವಶಕ್ತಿಯ ಕಂಪ್ರೆಸರಿನಿಂದ ಸಣ್ಣ ಗನ್ನನ್ನು ನಡೆಸಬಹುದು. ಟ್ಯಾಂಕು ತುಂಬಲು ನಡುನಡುವೆ ನಿಲ್ಲಿಸಬೇಕಾಗುತ್ತದೆ. ಎರಕದ ಕಬ್ಬಿಣಕ್ಕೆ ಚದರ ಅಂಗುಲಕ್ಕೆ 60ರಿಂದ 80 ಪೌಂಡು, ಅಲ್ಯುಮಿನಿಯಂಗೆ 40ರಿಂದ 50 ಪೌಂಡು ಒತ್ತಡ ಸಾಕು. ಮಳೆಗಾಲದಲ್ಲಿ ಗಾಳಿಯ ತೇವದಿಂದ ಪುಡಿ ಗಂಟುಕಟ್ಟುತ್ತದೆ. ಆದ್ದರಿಂದ ಕೊಳವೆಯಲ್ಲಿ ನೀರು ಬೇರ್ಪಡಿಸುವ ಸಾಧನ ಜೋಡಿಸಬೇಕು. ಟ್ಯಾಂಕಿನ ತಳದ ನೀರನ್ನು ದಿನವೂ ಹೊರಬಿಡಬೇಕು.

ಮರಳು ಏಕೆ ಬೇಡ?

ಹೊಳೆಯ ಮರಳಿನಲ್ಲಿ ಸಿಲಿಕಾ ಇದೆ. ಕಬ್ಬಿಣಕ್ಕೆ ಬಡಿದಾಗ ಮರಳಿನ ಕಾಳು ಒಡೆದು ಕಣ್ಣಿಗೆ ಕಾಣದಷ್ಟು ನಯವಾದ ಧೂಳಾಗುತ್ತದೆ. ಈ ಧೂಳು ಶ್ವಾಸಕೋಶದ ಆಳಕ್ಕೆ ಇಳಿದು ಸಿಲಿಕೋಸಿಸ್ ರೋಗ ತರುತ್ತದೆ. ಇದನ್ನು ವಾಸಿಮಾಡುವ ಔಷಧವಿಲ್ಲ. ಕ್ಷಯ ತಗಲುವ ಸಂಭವವೂ ಹೆಚ್ಚುತ್ತದೆ. 1948ರ ಕಾರ್ಖಾನೆ ಕಾಯಿದೆ ಸಿಲಿಕೋಸಿಸ್ಸನ್ನು ಅಧಿಕಾರಿಗಳಿಗೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತು. ಕಣಧಾರೆಗೆ ಮರಳು ಬಳಸುವುದನ್ನು ಬ್ರಿಟನ್ 1949ರಲ್ಲೇ ನಿಷೇಧಿಸಿತು. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಈ ಧೂಳು ತಡೆಯುವುದಿಲ್ಲ.

ಬಳಸಬಹುದಾದ ಪುಡಿಗಳು

1. ಅಲ್ಯುಮಿನಿಯಂ ಆಕ್ಸೈಡ್ ಅಥವಾ ಗಾರ್ನೆಟ್: ಕಬ್ಬಿಣದ ತುಕ್ಕು ಮತ್ತು ಬಣ್ಣಕ್ಕೆ.
2. ಗಾಜಿನ ಮಣಿಪುಡಿ: ಅಲ್ಯುಮಿನಿಯಂ ಮುಚ್ಚಳಗಳ ಹೊರಮೈಗೆ.
3. ಮೆಕ್ಕೆಜೋಳದ ದಿಂಡಿನ ತರಿ: ಮೆತ್ತನೆಯದು, ಲೋಹವನ್ನು ಕೊರೆಯುವುದಿಲ್ಲ, ಸಡಿಲವಾದ ಮಸಿಗೆ.
4. ಅಡುಗೆ ಸೋಡಾ: ಹೆಡ್ಡಿನ ಕಿಟ್ಟಕ್ಕೆ. ನೀರಿನಲ್ಲಿ ಕರಗುವುದರಿಂದ ತೊಳೆದುಹೋಗುತ್ತದೆ.

ಪೆಟ್ಟಿಗೆ

ಯಾವ ಪುಡಿಯಾದರೂ ಮುಚ್ಚಿದ ಪೆಟ್ಟಿಗೆಯೊಳಗೇ ಬಳಸಬೇಕು. ಸುಮಾರು 3 ಅಡಿ ಉದ್ದ, 2 ಅಡಿ ಅಗಲದ ಪ್ಲೈವುಡ್ ಪೆಟ್ಟಿಗೆಗೆ ಮೇಲೊಂದು ಗಾಜು, ಮುಂದೆ ಉದ್ದ ರಬ್ಬರ್ ಕೈಗವಸು ಕೂರಿಸಿದ ಎರಡು ತೂತು ಇದ್ದರೆ ಸಾಕು. ಡೀಸೆಲ್, ಪೆಟ್ರೋಲ್ ಅಥವಾ ಕೀಟನಾಶಕ ತುಂಬಿದ್ದ ಡ್ರಮ್ಮನ್ನು ಇದಕ್ಕಾಗಿ ಕತ್ತರಿಸಬಾರದು. ಉಳಿದ ಆವಿ ಸಿಡಿದು ಪ್ರಾಣಕ್ಕೆ ಅಪಾಯವಾದೀತು. ಪೆಟ್ಟಿಗೆ ಇದ್ದರೂ ಕನ್ನಡಕ ಮತ್ತು ಎನ್-95 ಮುಖವಾಡ ಧರಿಸಬೇಕು. ಧೂಳು ಕೂತ ಮೇಲೆಯೇ ಮುಚ್ಚಳ ತೆಗೆಯಬೇಕು. ನೆಲಕ್ಕೆ ಬಿದ್ದ ಧೂಳನ್ನು ನೀರು ಚಿಮುಕಿಸಿ ಬಳಿಯಬೇಕು, ಒಣಗಿದ್ದಾಗ ಗುಡಿಸಬಾರದು.

ಯಾವ ಭಾಗಕ್ಕೆ ಬೇಡ?

ಸೈಲೆನ್ಸರ್, ಟ್ಯಾಪೆಟ್ ಕವರ್, ಬ್ರಾಕೆಟ್, ಪಂಪಿನ ಕವಚ ಮತ್ತು ಗಾಳಿಯಿಂದ ತಣಿಯುವ ಇಂಜಿನಿನ ಸಿಲಿಂಡರ್ ಹೊರಮೈ ಇದಕ್ಕೆ ತಕ್ಕವು. ಲೈನರಿನ ಒಳಮೈ, ಪಿಸ್ಟನ್ನಿನ ರಿಂಗು ಕೂರುವ ಗಾಡಿ, ಕ್ರ್ಯಾಂಕ್ ಶಾಫ್ಟ್, ಬೇರಿಂಗ್, ಗೇರು, ಡೀಸೆಲ್ ಪಂಪು ಮತ್ತು ನಾಝಲ್ ಇವುಗಳ ಹತ್ತಿರಕ್ಕೂ ಗನ್ನನ್ನು ಒಯ್ಯಬಾರದು. ಹೆಡ್ಡಿನ ಕಿಟ್ಟ ತೆಗೆಯುವಾಗ ಸೀಟುಗಳು ಕೆಡದಂತೆ ಹಳೆಯ ವಾಲ್ವುಗಳನ್ನು ಅವುಗಳ ಸ್ಥಾನದಲ್ಲೇ ಬಿಡಬೇಕು.

ಕ್ರಮ

ಭಾಗವನ್ನು ಮೊದಲು ಡೀಸೆಲ್‌ನಲ್ಲಿ ತೊಳೆದು, ಸೋಪಿನ ನೀರಿನಿಂದ ಜಿಡ್ಡು ಬಿಡಿಸಿ, ಪೂರ್ತಿ ಒಣಗಿಸಬೇಕು. ಜಿಡ್ಡಿಗೆ ಪುಡಿ ಅಂಟಿಕೊಳ್ಳುತ್ತದೆ. ಎಣ್ಣೆಯ ದಾರಿಗಳಿಗೆ ಮತ್ತು ಬೋಲ್ಟ್ ತೂತುಗಳಿಗೆ ಬಿರಡೆ ಹಾಕಬೇಕು. ಗನ್ನನ್ನು 10ರಿಂದ 15 ಸೆಂ.ಮೀ. ದೂರದಲ್ಲಿ ಓರೆಯಾಗಿ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಬೇಕು. ತುಕ್ಕು ಹೋದ ಮೇಲೆ ಅಡಗಿದ್ದ ಬಿರುಕು ಕಾಣಿಸೀತು, ಗಮನಿಸಬೇಕು.

ಕೊನೆಯ ತೊಳೆತ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಎಣ್ಣೆಯ ದಾರಿಯಲ್ಲಿ ಉಳಿದ ಚಿಟಿಕೆ ಪುಡಿ ಇಂಜಿನ್ ಓಡತೊಡಗಿದೊಡನೆ ಎಣ್ಣೆಯೊಡನೆ ಬೇರಿಂಗಿಗೆ ಹೋಗಿ ಅದನ್ನು ಅರೆದುಹಾಕುತ್ತದೆ. ಬಿರಡೆ ತೆಗೆದು, ಬಿಸಿ ಸೋಪಿನ ನೀರಿನಲ್ಲಿ ಪ್ರತಿ ತೂತನ್ನೂ ಸಣ್ಣ ಬ್ರಷ್ಷಿನಿಂದ ಉಜ್ಜಿ, ಗಾಳಿ ಊದಬೇಕು. ಮತ್ತೆ ಡೀಸೆಲ್‌ನಿಂದ ತೊಳೆದು ಊದಬೇಕು. ಬಿಳಿ ಬಟ್ಟೆಯನ್ನು ತಂತಿಗೆ ಸುತ್ತಿ ತೂತಿನಲ್ಲಿ ಎಳೆದಾಗ ಅದರಲ್ಲಿ ಒಂದು ಕಾಳೂ ಕಾಣದಿರುವವರೆಗೆ ಇದನ್ನು ಮುಂದುವರಿಸಬೇಕು. ಬರಿದಾದ ಎರಕದ ಕಬ್ಬಿಣ ಬಹುಬೇಗ ತುಕ್ಕು ಹಿಡಿಯುವುದರಿಂದ ಅದೇ ದಿನ ಒಳಮೈಗೆ ಎಣ್ಣೆ ಸವರಬೇಕು. ಹೊರಮೈಯ ಜಿಡ್ಡು ಒರೆಸಿ, ಒಣಗಿಸಿ, ಬಣ್ಣ ಬಳಿಯಬೇಕು.

ಹೊರಮೈ ಹೊಳೆಯುವುದಕ್ಕಿಂತ ಇಂಜಿನಿನ ಒಳಗೆ ಒಂದು ಕಾಳೂ ಸೇರದಿರುವುದು ಮುಖ್ಯ. ಅದಕ್ಕೂ ಮೇಲಾದುದು ಕೆಲಸ ಮಾಡುವವರ ಉಸಿರು. ಈ ಎರಡನ್ನೂ ಕಾಪಾಡಲು ಅನುಕೂಲವಿಲ್ಲದಿದ್ದಲ್ಲಿ ಡೀಸೆಲ್, ಮರದ ಚಕ್ಕೆ ಮತ್ತು ತಂತಿ ಬ್ರಷ್ಷಿನ ಹಳೆಯ ವಿಧಾನವೇ ಲೇಸು.