ವೈರಿನೊಳಗಿನ ಕಿಲುಬು

ಪ್ರಶ್ನೆ: ಮೀನು ಸಾಗಿಸುವ ಪಿಕಪ್ ಇದೆ. ಬ್ರೇಕ್ ತುಳಿದರೆ ಹಿಂದಿನ ಬಲಗಡೆ ಇಂಡಿಕೇಟರ್ ಮಂದವಾಗಿ ಉರಿಯುತ್ತದೆ. ಇಂಡಿಕೇಟರ್ ಹಾಕಿದರೆ ಟೈಲ್ ಲೈಟೂ ಜೊತೆಗೆ ಮಿಣುಕುತ್ತದೆ. ಬಲ್ಬ್ ಎರಡು ಸಲ, ಫ್ಲ್ಯಾಶರ್ ಒಂದು ಸಲ ಬದಲಾಯಿಸಿದ್ದಾಯಿತು. ಈಗ ಪೂರ್ತಿ ವೈರಿಂಗ್ ಹೊಸದು ಹಾಕಬೇಕಂತೆ. ಹೌದೇ?
– ಓದುಗರು, ಮಲ್ಪೆ

ಉತ್ತರ: ಬೇಡ, ಸ್ವಲ್ಪ ತಡೆಯಿರಿ. ನಿಮ್ಮ ಪತ್ರ ಓದಿದರೆ ಸಾಕು, ಮೊದಲ ಗುಮಾನಿ ಅರ್ಥ್ ಮೇಲೆ. ಹಿಂದಿನ ಆ ಲೈಟಿನ ಡಬ್ಬಿಯಲ್ಲಿರುವ ಬಲ್ಬುಗಳಿಗೆಲ್ಲ ಸಾಮಾನ್ಯವಾಗಿ ಒಂದೇ ಅರ್ಥ್ ವೈರು. ಅದು ಕಿಲುಬು ತಿಂದು ಕಡಿದರೆ ಬ್ರೇಕ್ ಬಲ್ಬಿಗೆ ಬಂದ ಕರೆಂಟಿಗೆ ವಾಪಸು ಹೋಗಲು ದಾರಿಯಿಲ್ಲ. ಆಗ ಅದು ಪಕ್ಕದ ಇಂಡಿಕೇಟರ್ ಬಲ್ಬಿನೊಳಗೆ ನುಗ್ಗಿ, ಅದರ ವೈರು ಹಿಡಿದು ಮುಂದಿನ ಇಂಡಿಕೇಟರ್‌ವರೆಗೂ ಹೋಗಿ, ಅಲ್ಲಿ ಅರ್ಥ್ ಸೇರುತ್ತದೆ. ಹಾದಿಯಲ್ಲಿ ಸಿಕ್ಕ ಬಲ್ಬುಗಳೆಲ್ಲ ಅರೆಬರೆ ಉರಿಯುತ್ತವೆ.

ಪರೀಕ್ಷೆ ಐದು ನಿಮಿಷದ್ದು. ಒಂದು ಉದ್ದನೆಯ ವೈರು ತೆಗೆದುಕೊಂಡು, ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಹೋಲ್ಡರಿನ ಅರ್ಥ್ ಪಿನ್ನಿಗೆ ಮುಟ್ಟಿಸಿ. ಲೈಟುಗಳು ತಕ್ಷಣ ಸರಿಹೋದರೆ ಕಳ್ಳ ಸಿಕ್ಕಿದ ಹಾಗೆ. ಆ ಅರ್ಥ್ ವೈರು ಚಾಸಿಗೆ ಬೋಲ್ಟ್ ಆಗಿರುವ ಜಾಗ ಹುಡುಕಿ. ಬೋಲ್ಟ್ ಬಿಚ್ಚಿ, ಎಮರಿ ಪೇಪರಿನಿಂದ ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಹೊಸ ರಿಂಗ್ ಹಾಕಿ ಬಿಗಿದು, ಆಮೇಲೆ ಮೇಲಿಂದ ಗ್ರೀಸ್ ಸವರಿ.

ಇಲ್ಲಿ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ. ತುದಿಯ ಹಸಿರು ಕಿಲುಬನ್ನು ಕೆರೆದು ಅಲ್ಲೇ ಹೊಸ ರಿಂಗ್ ಒತ್ತಿಬಿಡುತ್ತಾರೆ. ಉಪ್ಪುನೀರು ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ವೈರಿನ ಎಳೆಗಳ ನಡುವೆ ಏರುತ್ತದೆ; ಮೇಲಿನ ಪ್ಲಾಸ್ಟಿಕ್ ಹೊಸದರಂತೆ ಕಂಡರೂ ಒಳಗೆ ತಾಮ್ರ ಕಪ್ಪಾಗಿರುತ್ತದೆ. ಕಪ್ಪು ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಕೆಂಪಗೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತ ಹೋಗಿ, ಒಂದು ಅಡಿಯಾದರೂ ಸರಿ. ಜೋಡಿಸಿದ ಮೇಲೆ ಬರೀ ಟೇಪ್ ಸುತ್ತಬೇಡಿ. ಟೇಪಿನ ಅಂಟು ಬಿಸಿಲಿಗೆ ಕರಗಿ ಬಿಚ್ಚಿಕೊಳ್ಳುತ್ತದೆ, ಒಳಗೆ ಹೋದ ನೀರನ್ನು ಆಚೆ ಬಿಡುವುದೂ ಇಲ್ಲ. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿಸಿ.

ಇನ್ನೊಂದು ಮಾತು. ಮೀನಿನ ಐಸ್ ಕರಗಿದ ನೀರು ಹಿಂದಿನ ಬಾಗಿಲಿನ ಸಂದಿಯಿಂದ ನೇರ ಲೈಟಿನ ಮೇಲೇ ಸುರಿಯುತ್ತಿರಬಹುದು. ಅದಕ್ಕೊಂದು ಪೈಪ್ ಇಟ್ಟು ಬೇರೆ ಕಡೆ ಬಿಡಿ, ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಇದೇ ಪತ್ರ ಮತ್ತೆ ಬರೆಯುತ್ತೀರಿ.

ಪ್ರಶ್ನೆ: ಎಂಟು ವರ್ಷದ ಕಾರು. ಸೆಲ್ಫ್ ಹೊಡೆದರೆ ಕಟಕಟ ಸದ್ದು, ಇಲ್ಲವೇ ಎಳೆದೆಳೆದು ತಿರುಗುತ್ತದೆ. ವರ್ಷದೊಳಗೆ ಎರಡನೇ ಬ್ಯಾಟರಿ. ಮೀಟರ್ ಇಟ್ಟರೆ 12.6 ವೋಲ್ಟ್ ಸರಿಯಾಗಿಯೇ ತೋರಿಸುತ್ತದೆ.
– ಓದುಗರು, ಕಾರವಾರ

ಉತ್ತರ: 12.6 ವೋಲ್ಟ್ ಎಂದರೆ ಬ್ಯಾಟರಿ ತುಂಬಿದೆ ಎಂದರ್ಥ. ಕೇಬಲ್ ಸರಿಯಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಮೀಟರು ಎಳೆಯುವ ಕರೆಂಟ್ ಎಷ್ಟು ಕಡಿಮೆಯೆಂದರೆ, ಇಡೀ ಕೇಬಲಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಸೆಲ್ಫ್ ಮೋಟರಿನ ಹಸಿವು ಬೇರೆ. ಅದು 150 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ದಾರಿಯಲ್ಲಿ ಕಿಲುಬಿನಿಂದ ಬರೀ 0.01 ಓಮ್ ಅಡ್ಡಿಯಿದ್ದರೂ 1.5 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ.

ಆದ್ದರಿಂದ ಸೆಲ್ಫ್ ತಿರುಗುತ್ತಿರುವಾಗಲೇ ಅಳೆಯಬೇಕು. ಗೇರ್ ನ್ಯೂಟ್ರಲ್‌ನಲ್ಲಿಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಗುಬುಟಿಗೇ ತಾಗಬೇಕು, ಅದರ ಮೇಲಿನ ಕ್ಲ್ಯಾಂಪಿಗಲ್ಲ. ಕಿಲುಬು ಕೂತಿರುವುದು ಆ ಎರಡರ ನಡುವೆಯೇ ಆಗಿರಬಹುದು. ಇನ್ನೊಂದು ಕಡ್ಡಿ ಇಂಜಿನ್ ಬ್ಲಾಕಿಗೆ. ಯಾರಾದರೂ ಸೆಲ್ಫ್ ಹೊಡೆಯಲಿ. ಸುಮಾರು 0.2 ವೋಲ್ಟಿಗಿಂತ ಬಹಳ ಹೆಚ್ಚು ಬಂದರೆ ಅರ್ಥ್ ಕಡೆ ದೋಷ. ಪ್ಲಸ್ ಗುಬುಟಿನಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿಗೂ ಹೀಗೇ ನೋಡಿ, ಅಲ್ಲಿ ಅರ್ಧ ವೋಲ್ಟಿನವರೆಗೆ ಸಹಿಸಬಹುದು. ಎರಡೂ ಕಡೆ ಸರಿಯಿದ್ದು ಬ್ಯಾಟರಿಯ ವೋಲ್ಟೇಜೇ 9.6ಕ್ಕಿಂತ ಕೆಳಗೆ ಕುಸಿದರೆ ಮಾತ್ರ ಬ್ಯಾಟರಿಯನ್ನು ಬೈಯಿರಿ. ಅಷ್ಟರಲ್ಲೂ ಸೆಲ್ಫ್ ಮೋಟರೇ ಬಿಗಿಯಾಗಿ ಹೆಚ್ಚು ಕರೆಂಟ್ ಎಳೆಯುತ್ತಿದೆಯೇ ಎಂದು ನೋಡಿಸಿಕೊಳ್ಳಿ.

ಮೀಟರ್ ಇಲ್ಲದಿದ್ದರೆ ಜಂಪರ್ ಕೇಬಲನ್ನು ಬ್ಯಾಟರಿ ಮೈನಸ್‌ನಿಂದ ಇಂಜಿನ್ನಿಗೆ ಸಿಕ್ಕಿಸಿ ಸೆಲ್ಫ್ ಹೊಡೆಯಿರಿ. ಗರ್ ಅಂತ ತಿರುಗಿದರೆ, ಇಂಜಿನ್ನಿಗೂ ಬಾಡಿಗೂ ನಡುವಿನ ಹೆಣೆದ ತಾಮ್ರದ ಪಟ್ಟಿಯನ್ನೋ ಬ್ಯಾಟರಿಯ ಮೈನಸ್ ಕೇಬಲನ್ನೋ ಬದಲಾಯಿಸಿ. ನಾನು ಕೆಲಸ ಕಲಿಯುತ್ತಿದ್ದಾಗ ಇದೇ ದೂರಿಗೆ ಒಬ್ಬರ ಗಾಡಿಯ ಡೈನಮೋ ಬದಲಾಯಿಸಿಬಿಟ್ಟಿದ್ದೆ. ದೋಷ ಆ ಪಟ್ಟಿಯಲ್ಲಿತ್ತು. ಅವರು ದುಡ್ಡು ಕೊಟ್ಟರು; ನನಗೆ ಇವತ್ತಿಗೂ ಮುಜುಗರ.

ಪ್ರಶ್ನೆ: ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ, ನೀಲಿ ಹೂವು ಬಂದ ಹಾಗಿದೆ. ಮನೆಯ ಹಿತ್ತಾಳೆ ಪಾತ್ರೆಯಂತೆ ಹುಣಸೆಹಣ್ಣಿನಲ್ಲಿ ತೊಳೆಯಬಹುದೇ?
– ಗೃಹಿಣಿಯೊಬ್ಬರು, ಕುಂದಾಪುರ

ಉತ್ತರ: ಒಳ್ಳೆಯ ಪ್ರಶ್ನೆ, ಆದರೆ ಬೇಡ. ಪಾತ್ರೆಯ ಕಿಲುಬು ಹುಳಿಗೆ ಬಿಡುತ್ತದೆ. ಬ್ಯಾಟರಿಯ ಹೂವು ಆ್ಯಸಿಡ್ ಸೋರಿ ಆದದ್ದು, ಅದಕ್ಕೆ ಮತ್ತೆ ಹುಳಿ ಹಾಕಿ ಪ್ರಯೋಜನವಿಲ್ಲ. ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ನೊರೆ ನಿಂತ ಮೇಲೆ ನೀರಿನಿಂದ ತೊಳೆದು ಒರೆಸಿ. ಕೈಗವಸು ಇರಲಿ, ಸೋಡಾನೀರು ಬ್ಯಾಟರಿಯ ಮುಚ್ಚಳದೊಳಗೆ ಹೋಗದಿರಲಿ. ಜೋಡಿಸುವಾಗ ಪ್ಲಸ್ ಮೊದಲು. ಕೊನೆಗೆ ಮೇಲೆ ವ್ಯಾಸಲೀನ್.

ಪ್ರಶ್ನೆ: ಇದನ್ನೆಲ್ಲ ಎಲೆಕ್ಟ್ರಿಕ್ ಕಾರಿನಲ್ಲೂ ನಾವೇ ಮಾಡಬಹುದೇ?
– ವಿದ್ಯಾರ್ಥಿ, ಮಂಗಳೂರು

ಉತ್ತರ: ಅದರಲ್ಲೂ 12 ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ, ಲೈಟು, ಹಾರ್ನ್‌ಗಳ ಕಿಲುಬು ಇದೇ ಜಾತಿಯದು. ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ಮಾತ್ರ ಕೈ ಹಿಂದೆ. ಅದರಲ್ಲಿ ಹರಿಯುವುದು ನೂರಾರು ವೋಲ್ಟ್. ಹಳದಿ ಕಪ್ಲರ್ ಸಾಮಾನ್ಯವಾಗಿ ಏರ್‌ಬ್ಯಾಗಿನದು, ಅದಕ್ಕೆ ಟೆಸ್ಟ್ ಲ್ಯಾಂಪ್ ಚುಚ್ಚಲೇಬಾರದು, ಪೆಟ್ರೋಲ್ ಕಾರಿನಲ್ಲಿಯೂ ಕೂಡ.