ಹೋಟೆಲಿನ ಅಡಿಗೆಮನೆಯೇ ಔಷಧಾಲಯ. ಆದರೆ ಎಲ್ಲಿಯ ತನಕ?



"ಊಟ ಬಲ್ಲವನಿಗೆ ರೋಗವಿಲ್ಲ" ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಊರಿಗೆಲ್ಲ ಊಟ ಹಾಕುವ ನಮಗೆ ಮಾತ್ರ ಹೊತ್ತಿಗೆ ಸರಿಯಾಗಿ ಊಟವಿಲ್ಲ, ನಿದ್ದೆಯಿಲ್ಲ. ನಾಗಪುರದಂಥ ಊರಿನಲ್ಲಿ ಹೊರಗೆ ಬಿಸಿಲು, ಒಳಗೆ ಒಲೆ. ಸಣ್ಣಪುಟ್ಟ ಕಾಯಿಲೆ ಬಂದರೆ ಶುಂಠಿ, ಜೀರಿಗೆ, ಕಾಳುಮೆಣಸು, ಮಜ್ಜಿಗೆ ಎಲ್ಲವೂ ನಮ್ಮ ಕೈಯಳತೆಯಲ್ಲೇ ಇವೆ. ಇದು ನಮ್ಮ ಭಾಗ್ಯ. ಆದರೆ ಮನೆಮದ್ದು ಎಲ್ಲಿಯ ತನಕ ಸಾಕು, ಎಲ್ಲಿಂದ ಮುಂದೆ ಆಸ್ಪತ್ರೆಗೆ ಓಡಬೇಕು ಎಂಬುದನ್ನು ಹೋಟೆಲ್ ನಡೆಸುವವರು ತಿಳಿದಿರಲೇಬೇಕು. ನಮ್ಮ ಕೈಕೆಳಗೆ ದುಡಿಯುವ ಹುಡುಗರ ತಂದೆತಾಯಿ ದೂರದ ಊರಿನಲ್ಲಿರುತ್ತಾರೆ. ಇಲ್ಲಿ ಅವರಿಗೆ ಮನೆಯವರು ನಾವೇ.

೧. ಬಿಸಿಲ ಹೊಡೆತ

ನಾಗಪುರದಲ್ಲಿ 2013ರ ಮೇ 23ರಂದು 47.9 ಡಿಗ್ರಿ ಸೆಲ್ಸಿಯಸ್ ತಾಪ ದಾಖಲಾಯಿತು. ಮೇ ಕೊನೆಯ ವಾರದ 'ನವತಪಾ' ದಿನಗಳನ್ನು ಇಲ್ಲಿ ಇದ್ದವರಿಗೆ ಹೇಳಿಕೊಡಬೇಕಾಗಿಲ್ಲ. ಹೊರಗೇ ಅಷ್ಟಿದ್ದರೆ ಕಾವಲಿ, ಬಾಣಲೆ, ಇಡ್ಲಿ ಪಾತ್ರೆಯ ಹಬೆ ಸೇರಿದ ಅಡಿಗೆಮನೆಯಲ್ಲಿ ಎಷ್ಟಿರಬಹುದು, ಯೋಚಿಸಿ.

ಕರಾವಳಿಯಿಂದ ಬಂದ ಹುಡುಗರಿಗೆ ಇಲ್ಲಿ ಒಂದು ಮೋಸವಿದೆ. ಊರಿನಲ್ಲಿ ಬೆವರು ಧಾರಾಕಾರ ಇಳಿಯುತ್ತದೆ, ನೀರು ಕುಡಿಯಬೇಕೆಂದು ತಾನಾಗಿ ತಿಳಿಯುತ್ತದೆ. ವಿದರ್ಭದ ಒಣಗಾಳಿಯಲ್ಲಿ ಬೆವರು ಮೈಮೇಲೆ ನಿಲ್ಲದೆ ಆರಿಹೋಗುತ್ತದೆ. ಅಂಗಿ ಒದ್ದೆಯಾಗಿಲ್ಲ ಎಂದರೆ ಮೈಯ ನೀರು ಹೋಗಿಲ್ಲ ಎಂದರ್ಥವಲ್ಲ. ಬಾಯಾರಿಕೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಂದು ಲೋಟ ನೀರು ಕುಡಿಯುವ ರೂಢಿ ಮಾಡಿಸಿ. ಮೂತ್ರ ಕಡು ಹಳದಿಯಾದರೆ ನೀರು ಸಾಲದು ಎಂದು ತಿಳಿಯಿರಿ.

ಸೆಕೆಗೆ ಶರೀರ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಬಂದ ಹೊಸ ಹುಡುಗನನ್ನು ಮೊದಲ ದಿನವೇ ಇಡೀ ಪಾಳಿ ಒಲೆಯ ಮುಂದೆ ನಿಲ್ಲಿಸಬೇಡಿ. ಮೊದಲ ದಿನ ಪಾಳಿಯ ಐದನೇ ಒಂದು ಪಾಲು ಹೊತ್ತು ಸಾಕು. ಆಮೇಲೆ ದಿನಕ್ಕೆ ಅಷ್ಟಷ್ಟೇ ಏರಿಸುತ್ತ ಹೋಗಿ. ಉಳಿದ ಹೊತ್ತು ತರಕಾರಿ ಹೆಚ್ಚುವುದು, ಟೇಬಲ್ ನೋಡುವುದು ಮಾಡಲಿ. ರಜೆಗೆ ಊರಿಗೆ ಹೋಗಿ ಬಂದ ಹಳೆಯ ಭಟ್ಟರೂ ಒಂದೆರಡು ದಿನ ನಿಧಾನವಾಗಿಯೇ ಆರಂಭಿಸಲಿ.

ಮನೆಮದ್ದು: ಉಪ್ಪು-ಇಂಗು ಹಾಕಿದ ನೀರುಮಜ್ಜಿಗೆ, ಬೇಯಿಸಿದ ಮಾವಿನಕಾಯಿಯ ಪಾನಕ (ಇಲ್ಲಿಯವರ ಪನ್ಹೆ), ಪುನರ್ಪುಳಿ ಶರಬತ್ತು, ನಿಂಬೆಹಣ್ಣಿನ ಪಾನಕ, ರಾಗಿ ಅಂಬಲಿ ಎಲ್ಲವೂ ಒಳ್ಳೆಯವೇ. ಸಕ್ಕರೆ ಕಾಯಿಲೆಯವರು ಸಿಹಿ ಪಾನಕವನ್ನೂ ರಕ್ತದೊತ್ತಡದವರು ಉಪ್ಪನ್ನೂ ಮಿತಿಯಲ್ಲಿಡಲಿ. ಚಹಾ ನೀರಿಗೆ ಬದಲಿಯಲ್ಲ. ಜೇಬಿನಲ್ಲಿ ಈರುಳ್ಳಿ ಇಟ್ಟರೆ 'ಲೂ' ಗಾಳಿ ತಾಗದು ಎಂಬ ನಂಬಿಕೆ ಇಲ್ಲಿದೆ. ಇಟ್ಟುಕೊಂಡರೆ ತೊಂದರೆಯಿಲ್ಲ, ಅದನ್ನೇ ನಂಬಿ ನೀರು ಕುಡಿಯುವುದನ್ನು ಬಿಟ್ಟರೆ ತೊಂದರೆ.

ಗಡಿ ಎಲ್ಲಿ? ತಲೆಸುತ್ತು, ವಾಕರಿಕೆ, ಕಾಲು ಸೆಳೆತ ಬಂದರೆ ಒಲೆಯಿಂದ ದೂರ ಕೂಲರಿನ ಮುಂದೆ ಮಲಗಿಸಿ ಮಜ್ಜಿಗೆ ಅಥವಾ ಒ.ಆರ್.ಎಸ್. ಕೊಡಿ. ಆದರೆ ಮಾತು ತೊದಲಿದರೆ, ಅಸಂಬದ್ಧ ಮಾತನಾಡಿದರೆ, ಎಚ್ಚರ ತಪ್ಪಿದರೆ ಅದು ಹೀಟ್ ಸ್ಟ್ರೋಕ್. ಆಗ ಪ್ರತಿ ನಿಮಿಷವೂ ಮುಖ್ಯ. ಬೆವರುತ್ತಿದ್ದಾನೆ, ಆದ್ದರಿಂದ ಹೀಟ್ ಸ್ಟ್ರೋಕ್ ಅಲ್ಲ ಎಂದುಕೊಳ್ಳಬೇಡಿ. ದುಡಿಯುತ್ತಲೇ ಬಿದ್ದವನ ಮೈ ಬೆವರುತ್ತಲೂ ಇರಬಹುದು. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವ ತನಕ ಕಾಯುತ್ತ ಕೂರದೆ ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಹಾಕಿ. ಕಂಕುಳು, ಕುತ್ತಿಗೆ, ತೊಡೆಸಂದಿಗೆ ಐಸ್ ಸುತ್ತಿದ ಬಟ್ಟೆ ಇಡಿ. ಎಚ್ಚರವಿಲ್ಲದವನ ಬಾಯಿಗೆ ಏನನ್ನೂ ಹೊಯ್ಯಬೇಡಿ. ಜ್ವರದ ಮಾತ್ರೆಯಿಂದ ಈ ತಾಪ ಇಳಿಯುವುದಿಲ್ಲ.

೨. ಸುಟ್ಟ ಗಾಯ

ಕುದಿಯುವ ಎಣ್ಣೆ ಸಿಡಿದರೂ ಹಬೆ ಹೊಡೆದರೂ ಮದ್ದು ಒಂದೇ: ತಣ್ಣನೆಯ ಹರಿಯುವ ನೀರು, ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ. ಬೇಸಿಗೆಯಲ್ಲಿ ಮಾಳಿಗೆಯ ಟಾಂಕಿಯ ನೀರು ತಾನೇ ಕಾದಿರುತ್ತದೆ. ಆಗ ಕುಡಿಯುವ ನೀರಿನ ಕೂಲರ್ ಅಥವಾ ಮಡಕೆಯ ನೀರನ್ನು ನಿಧಾನವಾಗಿ ಹೊಯ್ಯುತ್ತಿರಿ. ಉಂಗುರ, ವಾಚು, ಕೈದಾರಗಳನ್ನು ಊತ ಬರುವ ಮೊದಲೇ ತೆಗೆಯಿರಿ. ಟೂತ್‌ಪೇಸ್ಟ್, ಅರಿಶಿನ, ದೋಸೆಹಿಟ್ಟು, ತುಪ್ಪ ಏನನ್ನೂ ಹಚ್ಚಬೇಡಿ. ಅವು ಶಾಖವನ್ನು ಒಳಗೇ ಹಿಡಿದಿಡುತ್ತವೆ, ಗಾಯ ಕೀವಾಗಲು ದಾರಿ ಮಾಡುತ್ತವೆ. ಐಸ್ ನೇರವಾಗಿ ಇಟ್ಟರೆ ಚರ್ಮ ಇನ್ನಷ್ಟು ಕೆಡುತ್ತದೆ. ಬೊಬ್ಬೆ ಒಡೆಯಬೇಡಿ. ತಣಿಸಿದ ಮೇಲೆ ಪಾರ್ಸೆಲಿಗೆ ಬಳಸುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಹೊದಿಸಿದರೆ ಸಾಕು. ಗಾಯ ಅವನ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಕೀಲುಗಳ ಮೇಲಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ.

೩. ಭೇದಿ, ಹೊಟ್ಟೆನೋವು

ಒಂದು ಲೀಟರ್ ಶುದ್ಧ ನೀರು, ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು. ಚಮಚ ಮಟ್ಟವಾಗಿರಲಿ, ಗುಪ್ಪೆ ಬೇಡ. ಇಷ್ಟೇ ಮದ್ದು. 1971ರಲ್ಲಿ ಬಾಂಗ್ಲಾ ಯುದ್ಧದ ಸಮಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಸಕ್ಕರೆ-ಉಪ್ಪು ಬೆರೆಸಿದ ನೀರನ್ನು ಕುಡಿಸಿಯೇ ಅಸಂಖ್ಯ ಜೀವ ಉಳಿಸಿದರು. ಜೊತೆಗೆ ಗಂಜಿ, ಮಜ್ಜಿಗೆ ಅನ್ನ, ಬಾಳೆಹಣ್ಣು ಕೊಡಿ, ಉಪವಾಸ ಕೆಡವಬೇಡಿ. ರಕ್ತ ಬಿದ್ದರೆ, ಜ್ವರವಿದ್ದರೆ, ಮೂತ್ರ ಕಟ್ಟಿದರೆ, ಕುಡಿದುದೆಲ್ಲ ವಾಂತಿಯಾದರೆ ವೈದ್ಯರ ಬಳಿ ಹೋಗಲೇಬೇಕು.

ಇಲ್ಲಿ ನಮ್ಮ ವ್ಯಾಪಾರದ ಪ್ರಶ್ನೆಯೂ ಇದೆ. ಭೇದಿಯಾದವನು ನಿಂತ ಮೇಲೂ ಎರಡು ದಿನ ಅಡಿಗೆ ಮುಟ್ಟಬಾರದು. ಬೆರಳಿನಲ್ಲಿ ಕೀವಾದ ಗಾಯವಿದ್ದವನು ಚಟ್ನಿ ರುಬ್ಬಬಾರದು. ಕೀವಿನ ಕ್ರಿಮಿ ಆಹಾರದಲ್ಲಿ ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಆಹಾರ ಸುರಕ್ಷತೆಯ 2011ರ ನಿಯಮಗಳಂತೆ ಅಡಿಗೆಯವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಕಡ್ಡಾಯ. ಆ ಎರಡು ದಿನದ ಸಂಬಳ ಹಿಡಿದರೆ ಹುಡುಗ ಕಾಯಿಲೆಯನ್ನು ಮುಚ್ಚಿಡುತ್ತಾನೆ. ಸಂಬಳ ಕೊಟ್ಟು ಮಲಗಿಸಿದರೆ ಉಳಿಯುವುದು ನಮ್ಮ ಹೆಸರೇ.

೪. ಶೀತ, ಕೆಮ್ಮು

ನಾಗಪುರದ ಚಳಿಗಾಲದ ಮುಂಜಾವದಲ್ಲಿ ನಾಲ್ಕಕ್ಕೆ ಎದ್ದು ಒಲೆ ಹೊತ್ತಿಸುವವರಿಗೆ ಶೀತ ತಪ್ಪಿದ್ದಲ್ಲ. ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಕಷಾಯ, ಶುಂಠಿ ರಸಕ್ಕೆ ಜೇನು, ಮಲಗುವಾಗ ಉಪ್ಪುನೀರಿನ ಗಂಟಲ ಮುಕ್ಕಳಿಕೆ ಗಂಟಲಿಗೆ ಹಿತ. ವರ್ಷ ತುಂಬದ ಶಿಶುವಿಗೆ ಮಾತ್ರ ಜೇನು ಕೊಡಬಾರದು. ಕೆಮ್ಮು ಎರಡು ವಾರ ದಾಟಿದರೆ ಕಷಾಯ ನಿಲ್ಲಿಸಿ ಕಫ ಪರೀಕ್ಷೆ ಮಾಡಿಸಿ. ಒಂದೇ ಕೋಣೆಯಲ್ಲಿ ಹತ್ತು ಮಂದಿ ಮಲಗುವ ಕಡೆ ಒಬ್ಬನ ಕ್ಷಯ ಹತ್ತು ಜನರದ್ದಾಗಬಹುದು. ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ. ಮದ್ದು ಪೂರ್ತಿ ಮಾಡಿದರೆ ಗುಣವಾಗುವ ಕಾಯಿಲೆ ಇದು.

೫. ಎದೆಯುರಿ

ಇದು ಗಲ್ಲಾದಲ್ಲಿ ಕುಳಿತ ಧಣಿಗಳಿಗೆ. ಮಧ್ಯಾಹ್ನದ ಊಟ ನಾಲ್ಕಕ್ಕೆ, ರಾತ್ರಿಯದು ಹನ್ನೆರಡಕ್ಕೆ, ನಡುವೆ ಆರೇಳು ಚಹಾ. ಗ್ಯಾಸ್ ಆಗದೆ ಇರುತ್ತದೆಯೇ? ಜೀರಿಗೆ ನೀರು, ಓಮದ ನೀರು, ಮಜ್ಜಿಗೆ ಕುಡಿಯಿರಿ; ಊಟವಾದ ಕೂಡಲೇ ಮಲಗದಿರಿ. ಆದರೆ ಎದೆಯ ನಡುವೆ ಭಾರ ಇಟ್ಟಂತೆ ನೋವು, ತಣ್ಣನೆಯ ಬೆವರು, ಎಡಗೈ ಅಥವಾ ದವಡೆಗೆ ಹರಡುವ ನೋವು, ಉಸಿರು ಕಟ್ಟುವುದು ಇದ್ದರೆ "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿದು ಕಾಯಬೇಡಿ. ಕೂಡಲೇ ಇ.ಸಿ.ಜಿ. ಮಾಡಿಸಿ. ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಬೆವರಿನೊಂದಿಗೂ ಹೃದಯಾಘಾತ ಆಗಬಹುದು. ಸ್ಕೂಟರಿನಲ್ಲಿ ಒಬ್ಬರೇ ಹೋಗಬೇಡಿ. ನಲವತ್ತು ದಾಟಿದವರು ವರ್ಷಕ್ಕೊಮ್ಮೆ ಸಕ್ಕರೆ, ರಕ್ತದೊತ್ತಡ ನೋಡಿಸಿಕೊಳ್ಳಿ.

ಈ ವಾರವೇ ಮಾಡಬಹುದಾದುದು

• ಒ.ಆರ್.ಎಸ್. ಪೊಟ್ಟಣ ಹತ್ತು, ಥರ್ಮಾಮೀಟರ್, ಗಾಜ್ ಬಟ್ಟೆ, ನೀಲಿ ಬ್ಯಾಂಡೇಜ್ ಪಟ್ಟಿ (ಆಹಾರದಲ್ಲಿ ಬಿದ್ದರೆ ಕಣ್ಣಿಗೆ ಕಾಣುವಂಥದು), ಕೈಗವಸು ಒಂದು ಡಬ್ಬಿಯಲ್ಲಿಟ್ಟು ಬೀಗ ಹಾಕದೆ ಅಡಿಗೆಮನೆಯಲ್ಲೇ ಇಡಿ.
• 108 ಮತ್ತು ಹತ್ತಿರದ ಆಸ್ಪತ್ರೆಯ ನಂಬರನ್ನು ಕನ್ನಡ, ಹಿಂದಿ, ಮರಾಠಿಯಲ್ಲಿ ಗೋಡೆಗೆ ಬರೆಸಿ.
• ಒಲೆಯ ಹತ್ತಿರವೇ ಮಜ್ಜಿಗೆ ಪಾತ್ರೆ, ಲೋಟ ಇರಲಿ. ಗಿರಾಕಿಗೆ ಕೊಡುವ ಮಜ್ಜಿಗೆ ನಮ್ಮ ಹುಡುಗರಿಗೂ ಸಿಗಲಿ.
• ಕೂಲರಿನ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಒಣಗಿಸಿ. ಡೆಂಗ್ಯೂ ಸೊಳ್ಳೆ ಅಲ್ಲೇ ಹುಟ್ಟುತ್ತದೆ.

ಮನೆಮದ್ದಿನ ಜ್ಞಾನವನ್ನು ನಮ್ಮ ಅಜ್ಜಿಯಂದಿರು ಬಿಟ್ಟುಹೋಗಿದ್ದಾರೆ. ಅದನ್ನು ಉಳಿಸಿಕೊಳ್ಳೋಣ. ಅದರ ಗಡಿ ದಾಟಿದಾಗ ಹೊತ್ತು ಕಳೆಯದೆ ವೈದ್ಯರ ಬಾಗಿಲು ತಟ್ಟೋಣ. ಈ ಲೇಖನವನ್ನು ನಿಮ್ಮ ಭಟ್ಟರಿಗೂ ಹುಡುಗರಿಗೂ ಒಮ್ಮೆ ಓದಿ ಹೇಳಿ.