ಹಿತ್ತಲ ಒಲೆಕಟ್ಟೆಗೆ ಕಲ್ಲು

ಹಿತ್ತಲಲ್ಲಿ ಒಲೆಕಟ್ಟೆ ಇದೆ. ಮಳೆಗೆ ಅದರ ಗಾರೆ ಉದುರುತ್ತದೆ. ಅದಕ್ಕೆ ತೆಳುವಾದ ಶಹಾಬಾದ್ ಕಲ್ಲು ಹಚ್ಚಿಸಬಹುದು. ಇದಕ್ಕೆ ಫರಸಿ ಅಂತಲೂ ಅಂತಾರೆ. ಇದು ಕಲಬುರಗಿ ಜಿಲ್ಲೆಯ ಸುಣ್ಣಕಲ್ಲು.

ಸರಿಯಾಗಿ ಹಚ್ಚದ ಕಲ್ಲು ಕಳಚಿ ಬೀಳುತ್ತದೆ. ಕೆಳಗೆ ಮಗು ಆಡುತ್ತಿದ್ದರೆ ಗತಿ ಏನು? ಆದ್ದರಿಂದ ಗೌಂಡಿ ಕೆಲಸ ಮಾಡುವಾಗ ನೀವೇ ನಿಂತು ನೋಡಿ.

ಮೊದಲು ಸಿಮೆಂಟ್ ಚೀಲ ಓದಿ. ವಾರ, ವರ್ಷ ಅಂಕಿಯಲ್ಲಿ ಅಚ್ಚಾಗಿರುತ್ತದೆ. 3 ತಿಂಗಳು ದಾಟಿದ್ದರೆ ಬೇಡ ಅನ್ನಿ. ಗಂಟು ಕಟ್ಟಿದ ಸಿಮೆಂಟೂ ಬೇಡ.

ನುಣುಪು ಗೋಡೆಗೆ ಗಾರೆ ಹಿಡಿಯುವುದಿಲ್ಲ. ಅದಕ್ಕೆ ಕಚ್ಚು ಹೊಡೆಸಿ. ಗೋಡೆ ತೊಳೆದು ನೆನೆಸಿ. ಕಲ್ಲಿನ ಹಿಂಬದಿಯ ಧೂಳನ್ನೂ ತೊಳೆಯಿರಿ. 1 ಬುಟ್ಟಿ ಸಿಮೆಂಟಿಗೆ 4 ಬುಟ್ಟಿ ಮರಳು. ಬುಟ್ಟಿ ನೀವೇ ಎಣಿಸಿ. ಕೆಳಗಿನ ಸಾಲು ಮೊದಲು, ಮೇಲಿನದು ಆಮೇಲೆ. 7 ದಿನ ನೀರು ಹಾಕಿ. ನಂತರ ಕಲ್ಲು ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ತೆಗೆಸಿ, ಮತ್ತೆ ಹಚ್ಚಿಸಿ.

ಉರಿ ತಾಗುವ ಕಡೆ ಈ ಕಲ್ಲು ಬೇಡ. ಕಾದು ಸಿಡಿಯಬಹುದು. ಅಲ್ಲಿ ಇಟ್ಟಿಗೆ, ಮಣ್ಣೇ ಇರಲಿ. ಹುಣಸೆರಸ ಬಿದ್ದರೆ ಕೂಡಲೇ ತೊಳೆಯಿರಿ. ಹುಳಿ ಈ ಕಲ್ಲನ್ನು ತಿನ್ನುತ್ತದೆ.

ಅಕ್ಕಾ, ಹೇಳಿ ನೋಡೋಣ: 3 ಬುಟ್ಟಿ ಸಿಮೆಂಟಿಗೆ ಎಷ್ಟು ಬುಟ್ಟಿ ಮರಳು ಬೇಕು?